ಹೆಸರು ಹೇಳದೆ ಬಂದ ಉಡಿ

ಹರಿಹರ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಮಗಳು ಚೌಡೇಶ್ವರಿ ಕಾಲಿಗೆ ಬಿದ್ದು ಬರೆಯುತ್ತಿರುವ ಕಾಗದ. ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇವೆ. ಬೈಯಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಭಟ್ಟಿಯಲ್ಲಿ ಮಂಡಕ್ಕಿ ಹುರಿದಾದ ಮೇಲೆ ಆರಿದ ಮರಳನ್ನು ನೆಲಕ್ಕೆ ಹರಡಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ನೀನು. ಬಾಗಿಸಿ ಬರೆದರೆ ಮತ್ತೆ ಮರಳು ಸವರಿ ಮತ್ತೆ ಬರೆಸುತ್ತಿದ್ದೆ. ಮದುವೆಗೆ ಮುಂಚೆ ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಶಿವಯೋಗಪ್ಪ ಮೇಷ್ಟ್ರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವರು ದಿನಾ ಪೇಪರಿನ ಒಂದು ಪುಟ ನನ್ನಿಂದ ಜೋರಾಗಿ ಓದಿಸುತ್ತಿದ್ದರು. ನಾಚಿಕೆಗೆ ನನ್ನ ದನಿಯೇ ಹೊರಡುತ್ತಿರಲಿಲ್ಲ. 'ಪಾತ್ರೆಗಳಿಗೆ ಓದಿ ಹೇಳವ್ವ, ಅವೇನು ನಗಂಗಿಲ್ಲ' ಎನ್ನುತ್ತಿದ್ದರು. ಹಾಗಾಗಿ ಇಷ್ಟಾದರೂ ಬರೆಯಲು ಬರುತ್ತದೆ. ನಡುನಡುವೆ ಮಸಿ ಕಲೆಸಿದ್ದರೆ ಅದು ಕೂಸಿನ ಕೈ ತಾಗಿದ್ದು.

ನೀನು ಹೇಗಿದ್ದೀಯ ಅವ್ವಾ? ಹೀಗೆ ಕೇಳುವುದಕ್ಕೆ ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ಮೊಣಕಾಲು ನೋವು ಎಂದು ಕುಂಟುತ್ತೀಯಂತೆ. ಕಣ್ಣಿಗೆ ಕನ್ನಡಕ ಬಂದಿದೆಯಂತೆ. ಉಕ್ಕಡಗಾತ್ರಿಯಲ್ಲಿ ಈಗ ಬೆಳಗಿನ ಹೊತ್ತು ಹೊಳೆ ನೀರು ಕೊರೆಯುತ್ತಿರಬೇಕು, ಒಲೆ ಹಚ್ಚಿ ಕಾಯಿಸಿಕೊಂಡು ಸ್ನಾನ ಮಾಡು. ಇಲ್ಲಿ ನಾವೆಲ್ಲ ಆರಾಮಾಗಿದ್ದೇವೆ. ನನಗೆ ಹೆಣ್ಣುಕೂಸು ಹುಟ್ಟಿದೆ. ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದಿದೆ. ಕಿವಿಯ ಹಾಲೆ ನಿನ್ನ ಹಾಗೆ ಅಂಟಿಕೊಂಡಿದೆ, ಓಲೆ ಹಾಕಲು ಜಾಗವೇ ಇಲ್ಲ. ನೀನು ಕನ್ನಡಿ ಮುಂದೆ ನಿಂತು ನಿನ್ನ ಕಿವಿಯನ್ನು ಬೈದುಕೊಳ್ಳುತ್ತಿದ್ದುದು ನೆನಪಾಗಿ ನಾನೊಬ್ಬಳೇ ನಕ್ಕೆ.

ಮೀನಾಕ್ಷಿ ಚಿಕ್ಕತ್ತೆ ಹೋದ ಸೋಮವಾರ ನಿನ್ನ ಹತ್ತಿರ ಬಂದಿದ್ದರಲ್ಲ, ಅವರು ನಿನ್ನ ಅಳಿಯನ ಚಿಕ್ಕಮ್ಮ. ನಾನೇ ಅವರನ್ನು ಕಳಿಸಿದ್ದು. 'ನಿಮ್ಮ ಮಗಳು ಕರೀತಾಳೆ, ಬರ್ರಿ' ಎಂದು ಅವರು ಹೇಳಿದ್ದಕ್ಕೆ ನೀನು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲವಂತೆ. 'ಆ ಹುಡುಗಿಗೆ ತಾಯಿ ಸತ್ತೈತಲ್ರಿ, ಮದುವಿ ಕಾರ್ಡಿನಾಗೇ ಬರ್ಸ್ಯಾರೆ. ಸತ್ತೋರು ತಿರುಗಿ ಹೊಸ್ತಿಲಿಗೆ ಬಂದ್ರೆ ಬಾಣಂತಿ ಮನಿಗೆ ಒಳ್ಳೇದಲ್ರಿ' ಎಂದೆಯಂತೆ. ಚಿಕ್ಕತ್ತೆ ಇದನ್ನು ಹೇಳುವಾಗ ನಾನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತೆ. ನೀನಿರುವ ಕಾಯಿ ಅಂಗಡಿಯವರ ಫೋನಿಗೆ ಮಾಡಿಕೊಡುತ್ತೇನೆ, ಮಾತಾಡು ಎಂದು ಅವರು ಹೇಳಿದರು. ಬೇಡವೆಂದೆ. ಫೋನ್ ಹಿಡಿದರೆ ನಾನು ಮೂಕಿಯಾಗುತ್ತೇನೆ, ನಿನಗೆ ಗೊತ್ತಲ್ಲ. ನಾನು ಹೇಳಬೇಕಾದದ್ದನ್ನು ಅರ್ಧಕ್ಕೆ ನಿಲ್ಲಿಸಿದರೆ ಆಮೇಲೆ ಎಂದೂ ಹೇಳುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಸೋಮವಾರ ಚಿಕ್ಕತ್ತೆ ಅಜ್ಜಯ್ಯನ ದರ್ಶನಕ್ಕೆ ಬರುವಾಗ ಇದನ್ನು ನಿನ್ನ ಕೈಗೆ ಕೊಡುತ್ತಾರೆ. ಕೊನೆಯ ತನಕ ಓದು ಅವ್ವಾ. ಕೋಪ ಬಂದರೂ ಓದು.

ನಿಂಗರಾಜ ಹುಟ್ಟಿದಾಗ ನನಗೆ ಹತ್ತು ವರ್ಷ. ತಮ್ಮ ಹುಟ್ಟಿದ ಎಂದು ನಾನು ಭಟ್ಟಿ ಓಣಿಯಲ್ಲೆಲ್ಲ ಸಕ್ಕರೆ ಹಂಚಿ ಬಂದಿದ್ದೆ. ನೀನು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಕೂಸು ಅತ್ತರೆ ನೀನು ಕೈ ಚಾಚುತ್ತಿರಲಿಲ್ಲ. ಒಂದು ದಿನ ಅವನನ್ನು ಬಚ್ಚಲ ಕಟ್ಟೆಯ ಮೇಲೆ ಮಲಗಿಸಿ, ಬರಿಗಾಲಲ್ಲಿ ಹೊರಗೆ ಹೋಗಿ, ರೈಲು ಗೇಟಿನ ಹತ್ತಿರ ನಿಂತಿದ್ದೆ. ಯಾರೋ ಕರೆದುಕೊಂಡು ಬಂದರು. 'ಹೆತ್ತ ಕೂಸಿನ ಮಕ ನೋಡದಾಕಿ ತಾಯಿನಾ? ಇವಳಿಗೆ ಗಾಳಿ ಮೆಟ್ಟೈತೆ' ಎಂದು ಅಪ್ಪನ ಅವ್ವ, ತಿಪ್ಪಮ್ಮಜ್ಜಿ, ಎಲ್ಲರ ಮುಂದೆ ಹೇಳಿದಳು. ಮುಂದಿನ ಅಮಾವಾಸ್ಯೆಗೆ ಅಪ್ಪ, ಅಜ್ಜಿ ಗಾಳಿ ಬಿಡಿಸಲು ನಿನ್ನನ್ನು ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋದರು. ಗುರುತಿನ ಕಾಯಿ ಅಂಗಡಿಯವರ ಮನೆಯಲ್ಲಿ ನಿನ್ನನ್ನು ಇರಿಸಿ, ಪೂರ್ತಿ ವಾಸಿಯಾಗಲಿ ಎಂದು ಬಿಟ್ಟು ಬಂದರು. ಅಪ್ಪ ಪ್ರತಿ ಅಮಾವಾಸ್ಯೆಗೂ ಅಕ್ಕಿ, ಜೋಳ ಹೊತ್ತುಕೊಂಡು ಬರುತ್ತಿದ್ದ, ನೆನಪಿರಬೇಕು. ಇತ್ತ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಹೆಣ್ಣು ಎಂದರೆ ಅಜ್ಜಿ ಮತ್ತು ನಾನು. ಅಜ್ಜಿ ಭಟ್ಟಿಗೆ ಹೋಗುತ್ತಿದ್ದಳು. ನಾನು ಶಾಲೆ ಬಿಟ್ಟೆ.

ಅವನನ್ನು ಸೊಂಟದಿಂದ ಇಳಿಸದೆ ಸಾಕಿದೆ ಅವ್ವಾ. ನನ್ನ ಸೊಂಟ ಈಗಲೂ ಎಡಕ್ಕೆ ವಾಲಿದೆ, ಅತ್ತೆ ನನ್ನ ನಡಿಗೆ ನೋಡಿ ನಗುತ್ತಾರೆ. ಹಾಲಿನಲ್ಲಿ ಮಂಡಕ್ಕಿ ನೆನೆಸಿ, ಬೆರಳಲ್ಲಿ ಹಿಸುಕಿ ತಿನ್ನಿಸುತ್ತಿದ್ದೆ. ಅವನಿಗೆ ಮೊದಲ ಮಾತು ಬಂದಾಗ ನನ್ನನ್ನೇ ನೋಡಿ 'ಅವ್ವ' ಎಂದ. ಓಣಿಯ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಏನೋ ದೊಡ್ಡದು ಸಿಕ್ಕ ಹಾಗಾಯಿತು. ಅದನ್ನು ಯಾರಿಗೂ ಬಿಟ್ಟುಕೊಡಬಾರದು ಎನ್ನಿಸಿತು. ಹತ್ತು ಹನ್ನೊಂದು ವರ್ಷದ ಹುಡುಗಿ ನಾನು, ಆದರೆ ತಾಯ್ತನ ಎಂದರೆ ಏನೆಂದು ಓಣಿಗೆಲ್ಲ ನನಗೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಎತ್ತಿಕೊಂಡವಳು ತಾಯಿ, ಎತ್ತಿಕೊಳ್ಳದವಳು ಅಲ್ಲ. ಅಷ್ಟೇ ಲೆಕ್ಕ ನನ್ನದು.

ಆಗಲೇ ನೀನು ಬಂದೆ. ಮಧ್ಯಾಹ್ನ. ಅಪ್ಪ, ಅಜ್ಜಿ ಇಬ್ಬರೂ ಭಟ್ಟಿಯಲ್ಲಿದ್ದರು. ನಾನು ಬಾಗಿಲ ಮುಂದೆ ಕಟ್ಟೆಯ ಮೇಲೆ ಕುಳಿತು ನಿಂಗರಾಜನಿಗೆ ತಿನ್ನಿಸುತ್ತಿದ್ದೆ. ವೈರಿನ ಬುಟ್ಟಿ ಹಿಡಿದುಕೊಂಡು ನೀನು ಓಣಿಯಲ್ಲಿ ನಡೆದು ಬಂದದ್ದು ಈಗಲೂ ಕಣ್ಣ ಮುಂದಿದೆ. ಸಣ್ಣಗಾಗಿದ್ದೆ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದೆ. ಕಣ್ಣು ಮೊದಲಿನ ಹಾಗೆ ಇತ್ತು, ನಾನು ಸಣ್ಣವಳಿದ್ದಾಗ ಇದ್ದ ಹಾಗೆ. ಅದನ್ನು ನೋಡಿದೆ ನಾನು. ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ. ನೀನು ವಾಸಿಯಾಗಿದ್ದೀಯ ಎಂದು ನನಗೆ ತಿಳಿಯಿತು. 'ಚೌಡಿ, ಕೂಸು ಕೊಡವ್ವ ಇಲ್ಲಿ, ಒಂದ್ಸಲ ಎತ್ಕಂತೀನಿ' ಎಂದು ಎರಡೂ ಕೈ ಚಾಚಿದೆ. ನಿಂಗರಾಜ ಗುರುತು ಸಿಗದೆ ಕಿಟಾರನೆ ಕಿರುಚಿದ. ನನ್ನ ಕುತ್ತಿಗೆ ತಬ್ಬಿ 'ಅವ್ವ, ಅವ್ವ' ಎಂದು ಅತ್ತ. ನಾನು ಎದ್ದು ಹಿಂದೆ ಸರಿದು ಹೇಳಿದೆ: 'ಮುಟ್ಟಬ್ಯಾಡ. ನೀನು ದೆವ್ವ ಹಿಡಿದಾಕಿ. ಇವನಿಗೆ ನಾನೇ ಅವ್ವ.'

ನೀನು ಅಳಲಿಲ್ಲ. ಬೈಯಲಿಲ್ಲ. ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಆಮೇಲೆ ಇಳಿಸಿದೆ. 'ಹೌದವ್ವ' ಎಂದೆ. 'ನೀನು ಉಂಡೀಯೇನು?' ಎಂದು ಕೇಳಿದೆ. ನಾನು ಉತ್ತರ ಕೊಡಲಿಲ್ಲ. ಕೂಸು ಇನ್ನೂ ಕಿರುಚುತ್ತಿತ್ತು. ಬುಟ್ಟಿಯನ್ನು ಹೊಸ್ತಿಲ ಹತ್ತಿರ ಇಟ್ಟು, ತಿರುಗಿ ನೋಡುತ್ತ ನೋಡುತ್ತ ಹೋದೆ. ಓಣಿಯ ತಿರುವಿನಲ್ಲಿ ನೀನು ಮರೆಯಾದ ಮೇಲೆ ಅವನ ಅಳು ನಿಂತಿತು.

ಇಲ್ಲಿಯ ತನಕದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ. ಸಂಜೆ ಅಪ್ಪ ಬಂದು, ಬುಟ್ಟಿಯಲ್ಲಿದ್ದ ಕೊಬ್ಬರಿ, ಬೆಲ್ಲ, ಅಜ್ಜಯ್ಯನ ಭಂಡಾರ ನೋಡಿ, ಯಾರು ತಂದದ್ದು ಎಂದು ಕೇಳಿದ. ಬರುವ ಅಮಾವಾಸ್ಯೆಗೆ ನಿನ್ನನ್ನು ಮನೆಗೆ ಕರೆತರಬೇಕು ಎಂದು ಅವನು ಅಜ್ಜಿಯ ಹತ್ತಿರ ಜಗಳವಾಡಿ ಒಪ್ಪಿಸಿದ್ದ. ನನಗೂ ಅದು ಗೊತ್ತಿತ್ತು. ನೀನು ಅಷ್ಟು ದಿನ ತಡೆಯಲಾರದೆ ಮೊದಲೇ ಬಂದಿದ್ದೆ. ನಾನು ಹೆದರಿದೆ. ಹೇಳಿದ್ದನ್ನು ಹೇಳಿದರೆ ಅಪ್ಪ ಹೊಡೆಯುತ್ತಾನೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ನೀನು ಬಂದರೆ ನಿಂಗರಾಜ ನನ್ನವನಾಗಿ ಉಳಿಯುವುದಿಲ್ಲ ಎಂದು ಹೆದರಿದೆ. 'ಅವ್ವ ಬಂದಿದ್ಲು. ನಾನು ಇಲ್ಲಿ ಇರಂಗಿಲ್ಲ, ನನ್ನ ಕರಿಯಾಕೆ ಬರಬ್ಯಾಡ್ರಿ ಅಂತ ಹೇಳಿ ಹೋದ್ಲು' ಎಂದೆ.

ಇಷ್ಟೇ ನಾನು ಹೇಳಿದ ಮಾತು ಅವ್ವಾ. ಹತ್ತು ಹನ್ನೆರಡು ಪದ ಇರಬಹುದು. ಅಪ್ಪ ಬುಟ್ಟಿಯನ್ನು ನೋಡುತ್ತ ನಿಂತಿದ್ದ. 'ಹಂಗಂದ್ಲಾ?' ಎಂದು ಒಂದು ಸಲ ಕೇಳಿದ. ನಾನು ಹೂಂ ಎಂದೆ. ಅವನು ಆ ಅಮಾವಾಸ್ಯೆಗೆ ಬರಲಿಲ್ಲ. ಆಮೇಲೆ ಯಾವ ಅಮಾವಾಸ್ಯೆಗೂ ಬರಲಿಲ್ಲ. ಅಜ್ಜಿ ಓಣಿಗೆಲ್ಲ ಸಾರಿದಳು. 'ಕೂಸು ಬ್ಯಾಡಂತ ಹೋದ್ಲು, ನಮ್ಮ ಪಾಲಿಗೆ ಸತ್ಲು' ಎಂದಳು. ಹೇಳಿ ಹೇಳಿ ಅದೇ ಮಾತು ಬಲಿಯಿತು. ಮೊದಲು ನಮ್ಮ ಪಾಲಿಗೆ ಸತ್ತೆ, ಆಮೇಲೆ ಬರೇ ಸತ್ತೆ. ನನ್ನನ್ನು ನೋಡಲು ಹರಿಹರದವರು ಬಂದಾಗ, 'ಹುಡುಗಿಗೆ ತಾಯಿ ಇಲ್ರಿ, ನಾನೇ ಸಾಕಿದ್ದು' ಎಂದಳು ಅಜ್ಜಿ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಬಂದು ಲೋಟ ಇಟ್ಟೆ. ಮದುವೆ ಕಾರ್ಡು ಅಚ್ಚಾಗಿ ಬಂದಾಗ ನಿನ್ನ ಹೆಸರಿನ ಮುಂದೆ 'ದಿವಂಗತ' ಎಂದು ಬಂಗಾರದ ಬಣ್ಣದಲ್ಲಿ ಇತ್ತು. ಅಪ್ಪ ಅದನ್ನು ಓದಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಅರಿಶಿನ ಹಚ್ಚಿ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿದೆ.

ಆ ವರ್ಷವೇ ಅಜ್ಜಿ ತೀರಿಕೊಂಡಳು. ಹಾಗಾಗಿ ನನ್ನ ಬಾಣಂತನ ಇಲ್ಲಿ, ಗಂಡನ ಮನೆಯಲ್ಲೇ ಆಯಿತು. ಅತ್ತೆ ತಿಮ್ಮವ್ವ ಬಾಯಿ ಜೋರು, ಕೈ ಮೃದು. ಹಂಡೆ ತುಂಬ ಸುಡುವ ನೀರು ಹುಯ್ದು, ಲೋಬಾನದ ಹೊಗೆ ಹಾಕಿ, ಬಾಣಂತಿ ಖಾರ ಕಲಸಿ ಕೊಟ್ಟು, ಒಂದಕ್ಕೂ ಕಡಿಮೆ ಮಾಡಲಿಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಹೇಳಿದರು: 'ನೋಡೇ ಚೌಡಿ, ಸತ್ತ ನಿಮ್ಮವ್ವನೇ ಹುಟ್ಟಿ ಬಂದಾಳೆ. ತೊಟ್ಟಿಲಿಗೆ ಹಾಕೋ ದಿನ ಅವಳ ಹೆಸರೇ ಇಡಾಣ. ಲಕ್ಷ್ಮೀದೇವಿ.' ನಮ್ಮ ಕಡೆ ತೀರಿಹೋದ ಹಿರಿಯರ ಹೆಸರನ್ನೇ ಅಲ್ಲವೇ ಇಡುವುದು? ಪ್ರೀತಿಯಿಂದಲೇ ಹೇಳಿದ್ದು ಅವರು. ಅವತ್ತಿನಿಂದ ಮನೆಯವರೆಲ್ಲ 'ಲಕ್ಷ್ಮವ್ವ ಎದ್ಲಾ, ಲಕ್ಷ್ಮವ್ವ ಉಂಡ್ಲಾ' ಎಂದು ಆಡಿಸತೊಡಗಿದರು. ನನಗೆ ಕೂಸನ್ನು ಮುಟ್ಟಲು ಆಗುತ್ತಿರಲಿಲ್ಲ.

ಹೆಸರಿನಿಂದಲೇ ಹಾಗಾಯಿತು ಎಂದೂ ಹೇಳಲಾರೆ. ಅದಕ್ಕೂ ಮುಂಚೆಯೇ ಏನೋ ಕೆಟ್ಟಿತ್ತು. ಕೂಸಿನ ಅಳು ಪಕ್ಕದ ಮನೆಯ ಅಳುವಿನ ಹಾಗೆ ಕೇಳುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ. ಊಟ ಬಾಯಲ್ಲಿ ತಿರುಗುತ್ತಿತ್ತು. ಕೂಸನ್ನು ಎತ್ತಿದರೆ ಕೈಯಿಂದ ಜಾರಿಸಿಬಿಡುತ್ತೇನೆ ಎಂಬ ಹೆದರಿಕೆ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. 'ಎತ್ಕಳೇ, ಅದೇನು ಬಾಡಿಗಿ ಕೂಸಾ?' ಎಂದು ಅತ್ತೆ ಗದರುತ್ತಿದ್ದರು. ಒಂದು ದಿನ ಅದು ನನ್ನ ಕೈಯಲ್ಲಿ ಉಸಿರು ಕಟ್ಟುವ ಹಾಗೆ ಅತ್ತಿತು. ಅತ್ತೆ ಎತ್ತಿಕೊಂಡ ಕೂಡಲೇ ಸುಮ್ಮನಾಯಿತು. ನಾನು ಎದ್ದು ಹೊರಗೆ ಹೋಗಿ ಓಣಿಯ ತುದಿಯಲ್ಲಿ ನಿಂತೆ. ಓಡಿಹೋಗಲಿಕ್ಕಲ್ಲ. ನಾನಿಲ್ಲದಿದ್ದರೆ ಅದು ಅಳುವುದಿಲ್ಲ ಎನ್ನಿಸಿತು, ಅಷ್ಟೇ. ಅಲ್ಲಿ ನಿಂತಾಗ, ಬರಿಗಾಲು ಸುಡುವಾಗ, ನಮ್ಮ ಹೊಸ್ತಿಲಿನಿಂದ ನೀನು ಯಾಕೆ ಎದುರು ಮಾತಾಡದೆ ಹೋದೆ ಎಂದು ನನಗೆ ತಿಳಿಯಿತು. ಹದಿಮೂರು ವರ್ಷ ನಾನು ಅಂದುಕೊಂಡಿದ್ದು ಬೇರೆ. ನನ್ನ ಮಾತಿಗೆ ರೋಷಗೊಂಡು ಹೋದಳು ಎಂದುಕೊಂಡಿದ್ದೆ. ನೀನು ಹೋದದ್ದು ಕೂಸಿನ ಅಳು ನಿಲ್ಲಲಿ ಎಂದು. ಅಲ್ಲವೇ ಅವ್ವಾ?

ಅತ್ತೆ ಅವತ್ತೇ, 'ಇವಳಿಗೆ ಗಾಳಿ ಸೋಕೈತೆ, ಅಮಾಸಿಗೆ ಅಜ್ಜಯ್ಯನ ಹತ್ರ ಕರ್ಕಂಡು ಹೋಗಾಣ' ಎಂದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, 'ಬ್ಯಾಡ, ಅಲ್ಲೇ ಬಿಟ್ಟು ಬರ್ತೀರಿ, ಕರಿಯಾಕೆ ಯಾರೂ ಬರಂಗಿಲ್ಲ' ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ನಿನ್ನ ಅಳಿಯ ಕರಿಬಸವರಾಜ ಲೇತ್ ಕೆಲಸದಿಂದ ಆಗಷ್ಟೇ ಬಂದಿದ್ದರು. ಅವರು ಹೆಚ್ಚು ಮಾತಿನವರಲ್ಲ. 'ಅಜ್ಜಯ್ಯ ಎಲ್ಲಿಗೂ ಹೋಗಂಗಿಲ್ಲ, ಮೊದ್ಲು ಡಾಕ್ಟ್ರ ಹತ್ರ ತೋರಿಸ್ಕಂಡು ಬರ್ತೀನಿ' ಎಂದು ಮರುದಿನ ನನ್ನನ್ನು ದಾವಣಗೆರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡೇ ಎಲ್ಲ ಕೇಳಿದರು. 'ಇದು ದೆವ್ವ ಅಲ್ಲಮ್ಮ, ನಿಮ್ಮ ತಪ್ಪೂ ಅಲ್ಲ. ಹೆರಿಗೆ ಆದ ಮೇಲೆ ಎಷ್ಟೋ ಜನಕ್ಕೆ ಬರೋ ಕಾಯಿಲೆ. ವಾಸಿ ಆಗುತ್ತೆ' ಎಂದರು. ಆಮೇಲೆ ಬರೆಯುತ್ತ ಬರೆಯುತ್ತ, 'ನಿಮ್ಮ ತಾಯಿಗೂ ಹೀಗೇನಾದ್ರೂ ಆಗಿತ್ತಾ?' ಎಂದು ಕೇಳಿದರು.

ನಾನು ಏನು ಹೇಳಿದೆ ಗೊತ್ತೇ? 'ನಮ್ಮ ತಾಯಿ ತೀರ್ಕಂಡಾರ್ರಿ' ಎಂದೆ. ಅಭ್ಯಾಸವಾಗಿಬಿಟ್ಟಿತ್ತು. ಬಾಯಿಗೆ ಅದೇ ಬಂತು. ಅವರು ತಲೆ ಎತ್ತಿ ನೋಡಿ, ಪಾಪ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ವಾಸಿಯಾಗುವ ಕಾಯಿಲೆ ಎಂದರಲ್ಲ, ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಿನಗೂ ವಾಸಿಯಾಗಿತ್ತು. ವಾಸಿಯಾದವಳನ್ನು ನಾನು ಹೊಸ್ತಿಲಿನಿಂದ ಕಳಿಸಿದೆ. ಬಾತಿ ಕೆರೆ ಕಾಣುವ ಹೊತ್ತಿಗೆ ನಿನ್ನ ಅಳಿಯನಿಗೆ ಎಲ್ಲ ಹೇಳಿಬಿಟ್ಟೆ. ಅವರು ಕೂಸಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು. ಹರಿಹರದ ಬಸ್ ಸ್ಟ್ಯಾಂಡ್ ಬಂತು. ಇಳಿದ ಮೇಲೆ, 'ಇದ್ದೋರನ್ನ ಸತ್ತೋರು ಅಂತ ಬರ್ಸಿದ ಕಾರ್ಡನ್ನ ನಾವು ಮೊದ್ಲು ಅಜ್ಜಯ್ಯನ ಪಾದಕ್ಕೆ ಇಟ್ಟು ಬಂದ್ವಲ್ಲೇ' ಎಂದರು. ಅವರ ಕಣ್ಣು ಕೆಂಪಾಗಿತ್ತು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮನೆದೇವರಿಗೆ ಮೊದಲ ಕಾರ್ಡು ಇಡುವುದು ಅವರ ಮನೆಯ ಪದ್ಧತಿ. ಅದನ್ನು ಇಟ್ಟು ಬಂದವರು ಮೀನಾಕ್ಷಿ ಚಿಕ್ಕತ್ತೆ. ಅವರನ್ನು ಕರೆದು ನಿನ್ನ ವಿಷಯ ಹೇಳಿ ಕೇಳಿದಾಗ ಹಣೆ ಬಡಿದುಕೊಂಡರು. 'ಅಯ್ಯೋ, ಕಾಯಿ ಅಂಗಡಿ ಲಕ್ಷ್ಮವ್ವನೇನೇ? ದೇವ್ರ ಮುಂದಿನ ಕಾರ್ಡನ್ನೆಲ್ಲ ಸಂಜಿಗೆ ಬುಟ್ಟಿಗೆ ತುಂಬಾಕಿ ಅವಳೇ ಅಲ್ಲೇನು! ನಮ್ಮ ಕಾರ್ಡು ಹಿಡ್ಕಂಡು ಭಾಳ ಹೊತ್ತು ನಿಂತಿದ್ಲು. ಓದಾಕ ಬರ್ತೈತೇನವ್ವ ಅಂದೆ. ಬರ್ತೈತ್ರಿ ಅಂದ್ಲು. ಹುಡುಗಿಗೆ ತಾಯಿ ಇಲ್ಲೇನ್ರಿ ಅಂತ ಕೇಳಿದ್ಲು. ಇಲ್ಲ ಕಣವ್ವ, ಸಣ್ಣಾಕಿದ್ದಾಗಲೇ ತೀರ್ಕಂಡ್ಲಂತೆ ಅಂದೆ. ಹೌದಾ, ಪಾಪ ಅಂದ್ಲು. ಮುಂದಿನ ಸೋಮವಾರ ಒಂದು ಉಡಿ ಕಟ್ಟಿಟ್ಟಿದ್ಲು. ತಾಯಿ ಇಲ್ಲದ ಹುಡುಗಿ, ಇದನ್ನೂ ಹಾಕ್ರಿ, ಯಾರು ಕೊಟ್ರು ಅಂತ ಹೇಳಬ್ಯಾಡ್ರಿ ಅಂದ್ಲು. ನಾನೊಬ್ಳು ಹುಚ್ಚಿ, ಏನೋ ಹರಕಿ ಇರಬೇಕು ಅಂದ್ಕಂಡೆ' ಎಂದರು.

ಹೌದಾ, ಪಾಪ. ನೀನು ನಿನ್ನ ಸಾವಿನ ಸುದ್ದಿ ಓದಿಕೊಂಡು ಹೇಳಿದ ಮಾತು ಅದು. ಆ ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಅವರಿಗೆ ತಿಳಿಯದು, ಹೇಳಿದರು. ನೀನು ತಿಳಿದು ಹೇಳಿದೆ.

ಆ ಉಡಿ ನನಗೆ ನೆನಪಿದೆ. ಮದುವೆಯಲ್ಲಿ ಉಡಿ ತುಂಬುವಾಗ ಬೇರೆಯವರು ನನ್ನ ಸೆರಗಿಗೆ ಅಕ್ಕಿಯನ್ನು ಬೊಗಸೆಯಲ್ಲಿ ಹಾಕಿದ್ದರು. ಅದರಲ್ಲಿ ಮಾತ್ರ ಅಕ್ಕಿಯ ಜೊತೆ ಒಂದು ಹಿಡಿ ಮಂಡಕ್ಕಿ ಇತ್ತು. ಹೆಂಗಸರು ನಕ್ಕರು. 'ಉಡಿಗೆ ಮಂಡಕ್ಕಿ ಹಾಕಿದೋರು ಯಾರೇ, ಮದುಮಗಳು ಹಸಿದಾಳಂತೇನು!' ಎಂದರು. ಅರಿಶಿನ ಕೊಂಬು, ಹಸಿರು ಬಳೆ, ಕೊಬ್ಬರಿ ಬಟ್ಟಲು, ಬದನೆ ಬಣ್ಣದ ಕುಬಸದ ಖಣ. ನಾನೂ ನಕ್ಕೆ ಅವ್ವಾ. ನನಗೆ ತಿಳಿಯಲಿಲ್ಲ. 'ನೀನು ಉಂಡೀಯೇನು' ಎಂದು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಆ ಮಂಡಕ್ಕಿಯಲ್ಲಿ ನೀನು ಅದನ್ನೇ ಮತ್ತೆ ಕೇಳಿದ್ದೆ. ಆ ಖಣವನ್ನು ಹೊಲಿಸದೆ ಇಟ್ಟಿದ್ದೆ. ಕಳೆದ ವಾರ ಅದರಿಂದ ಕೂಸಿಗೆ ಕುಲಾವಿ ಹೊಲಿದೆ. ಕಿವಿ ಮುಚ್ಚುತ್ತದೆ, ನಿನ್ನ ಕಿವಿ.

ಈಗ ನಾನು ಕೂಸನ್ನು ಎತ್ತಿಕೊಳ್ಳುತ್ತೇನೆ. ಗುಳಿಗೆ ನುಂಗುತ್ತಿದ್ದೇನೆ. ಅತ್ತೆ ದಿನಾ, 'ನುಂಗಿದ್ಯಾ? ನಾಲಿಗಿ ತೋರ್ಸು' ಎಂದು ನಿಂತು ನೋಡುತ್ತಾರೆ. ಗಾಳಿ ಎಂದು ಹೇಳಿದ್ದಕ್ಕೆ ಅವರಿಗೂ ಮನಸ್ಸಿನಲ್ಲಿ ಏನೋ ಇದೆ, ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ದಿನ ಹಾಲು ಕುಡಿಯುತ್ತ ಕೂಸು ನನ್ನ ಮುಖ ನೋಡಿ ನಿಲ್ಲಿಸಿ, ಮತ್ತೆ ಕುಡಿಯಿತು. ಅಷ್ಟೇ. ಅವತ್ತಿನಿಂದ ಅದರ ಅಳು ನಮ್ಮ ಮನೆಯ ಅಳುವಾಗಿ ಕೇಳುತ್ತದೆ. ಎತ್ತಿಕೊಂಡವಳು ತಾಯಿ ಎಂದುಕೊಂಡಿದ್ದೆನಲ್ಲ, ನಾನೇ ಎತ್ತಿಕೊಳ್ಳಲಾರದೆ ಮಲಗಿದ್ದ ಎರಡು ತಿಂಗಳೂ ನಾನು ಇದರ ತಾಯಿಯೇ ಆಗಿದ್ದೆ. ಹಾಗಾದರೆ ನೀನೂ ಆಗಿದ್ದೆ. ಎಲ್ಲ ದಿನವೂ ಆಗಿದ್ದೆ. ಇದನ್ನು ತಿಳಿಯಲು ನನಗೆ ಹದಿಮೂರು ವರ್ಷ ಬೇಕಾಯಿತು, ಮತ್ತು ನಿನ್ನ ಕಾಯಿಲೆಯೇ ಬರಬೇಕಾಯಿತು.

ಅಪ್ಪನಿಗೂ ಹೇಳಿದೆ. ದಾವಣಗೆರೆಗೆ ಹೋಗಿ, ಭಟ್ಟಿಯ ಬಾಗಿಲಲ್ಲೇ ನಿಂತು ಹೇಳಿದೆ. ಹೊಗೆಗೆ ಅವನಿಗೀಗ ಕೆಮ್ಮು ಜಾಸ್ತಿ. ಕೆಮ್ಮಿ ಮುಗಿಸಿ, 'ನೀನು ಸಣ್ಣಾಕಿ ಇದ್ದೆ. ನಾನು ಸಣ್ಣಾವ ಇರಲಿಲ್ಲ. ಒಂದ್ಸಲ ಹೋಗಿ ಕೇಳಬೌದಿತ್ತು' ಎಂದ. ಎರಡು ದಿನ ಬಿಟ್ಟು ಲಗೇಜ್ ಆಟೋದಲ್ಲಿ ತೊಟ್ಟಿಲು ಹೇರಿಸಿಕೊಂಡು ಹರಿಹರಕ್ಕೆ ಬಂದ. ನಿನ್ನ ತವರಿನಿಂದ ಬಂದ ಮರದ ತೊಟ್ಟಿಲು. ಅಟ್ಟದ ಮೇಲೆ ಖಾಲಿ ಚೀಲ ತುಂಬಿಟ್ಟಿದ್ದರಲ್ಲ, ಅದೇ. ತೊಳೆದು, ಅದರ ಮುರಿದ ಮರದ ಗಿಳಿಗೆ ಮೊಳೆ ಹೊಡೆದು ತಂದಿದ್ದಾನೆ. ನಿಂಗರಾಜನೂ ಜೊತೆಗೆ ಬಂದಿದ್ದ. ಎಂಟನೇ ಕ್ಲಾಸು, ನನಗಿಂತ ಎತ್ತರ ಆಗಿದ್ದಾನೆ. ಶಾಲೆಗೆ ಸೇರಿಸುವಾಗ ನಾನೇ ಅವನಿಗೆ 'ಅಕ್ಕ' ಎನ್ನುವುದನ್ನು ಕಲಿಸಿದೆ. ಹೊಸ್ತಿಲಿನ ಕಥೆಯನ್ನು ಅವನೂ ಕೇಳಿದ. ನನ್ನ ಮೇಲೆ ಸಿಟ್ಟಾಗುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಒಂದೇ: 'ಅಕ್ಕಾ, ನಾನು ಅವತ್ತು ಭಾಳ ಅತ್ತಿದ್ನಾ?'

ನನ್ನನ್ನು ಕ್ಷಮಿಸು ಎಂದು ಬರೆಯಲು ಪೆನ್ನು ಹೋಗುತ್ತಿಲ್ಲ ಅವ್ವಾ. ಕ್ಷಮೆ ಕೇಳಿದರೆ ನೀನು ಮತ್ತೆ 'ಹೌದವ್ವ' ಎಂದು ಸುಮ್ಮನಾಗಿಬಿಡುತ್ತೀಯ. ಬೈ. ನಾಲ್ಕು ಜನರ ಮುಂದೆ ಬೈ. ಅದಕ್ಕಾದರೂ ನೀನು ನನ್ನ ಎದುರಿಗೆ ಬರಬೇಕು.

ಅಂಗಡಿಯವರಿಗೆ ನನ್ನ ನಮಸ್ಕಾರ ತಿಳಿಸು. ನಾವು ಬಿಟ್ಟಾಗ ಅವರು ನಿನಗೆ ನೆರಳು ಕೊಟ್ಟರು. ಅತ್ತೆ ನಿನ್ನನ್ನು ಕೇಳಿದ್ದಾರೆ. ಅಪ್ಪನೂ ಕೇಳಿದ್ದಾನೆ, ಬರೆಯಬೇಡ ಎಂದು ಹೇಳಿಯೇ ಕೇಳಿದ್ದಾನೆ. ನಿಂಗರಾಜನ ನಮಸ್ಕಾರ. ಕೂಸಿಗೆ ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗಳು,
ಚೌಡಿ

ತಾ.ಕ.: ಚಿಕ್ಕತ್ತೆಗೆ ಬುತ್ತಿ ಕಟ್ಟುವ ಕೆಲಸ ಬಾಕಿ ಇದೆ, ಬೇಗ ಬರೆಯುತ್ತೇನೆ. ಬರುವ ಶುಕ್ರವಾರ ಬೆಳಿಗ್ಗೆ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ನಿನ್ನ ಹೆಸರು ಇಡುವುದಿಲ್ಲ. ಇರುವವರ ಹೆಸರನ್ನು ಇಡಬಾರದು ಎಂದು ನಾನೇ ಅತ್ತೆಗೆ ಹೇಳಿದೆ, ಅವರು ಕೆನ್ನೆ ಬಡಿದುಕೊಂಡು ಒಪ್ಪಿದರು. ಬೇರೆ ಹೆಸರು ನೀನೇ ಬಂದು ಹೇಳಬೇಕು. ಗುರುವಾರ ಮಧ್ಯಾಹ್ನದ ಬಸ್ಸಿಗೆ ಬಾ. ನಿನ್ನ ಅಳಿಯ ಕೆಲಸಕ್ಕೆ ರಜೆ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ. ಕೂಸನ್ನು ನನ್ನ ಉಡಿಗೆ ಹಾಕುವ ಕೈ ನಿನ್ನದೇ ಆಗಬೇಕು. ನಿನ್ನ ಗುರುತಿಲ್ಲ, ಎತ್ತಿಕೊಂಡರೆ ಅಳುತ್ತದೆ. ಅಳಲಿ. ನಾನು ಕಸಿದುಕೊಳ್ಳುವುದಿಲ್ಲ. ಅದರ ಅಳು ನಿಲ್ಲಲಿ ಎಂದು ನೀನು ಮಾತ್ರ ಹೋಗಬೇಡ. ಇನ್ನೊಂದು ಮಾತು. ಸತ್ತವರು ಹೊಸ್ತಿಲಿಗೆ ಬರಬಾರದು ಎಂದೆಯಲ್ಲ, ಅದಕ್ಕೆ ಇವತ್ತು ಬೆಳಿಗ್ಗೆ ಕೂಸು ಏಳುವ ಮುಂಚೆ ಪೆಟ್ಟಿಗೆಯಿಂದ ನನ್ನ ಮದುವೆ ಕಾರ್ಡು ತೆಗೆದು, ಬ್ಲೇಡಿನಿಂದ 'ದಿವಂಗತ' ಎನ್ನುವುದನ್ನು ಕೆರೆದು ತೆಗೆದೆ. ಈ ಕಾಗದದ ಜೊತೆ ಇಟ್ಟಿದ್ದೇನೆ. ಕಾರ್ಡು ಅಲ್ಲಿ ಸ್ವಲ್ಪ ಹರಿದಿದೆ. ನಿನ್ನ ಹೆಸರಿಗೆ ಏನೂ ಆಗದ ಹಾಗೆ ನೋಡಿಕೊಂಡಿದ್ದೇನೆ.